ಎಂಟು ಔಷಧಿ ತೆಗೆದುಕೊಳ್ಳುವ ಮಗು: ಯಾವ ತೊಂದರೆ ಯಾವುದರಿಂದ ಎಂದು ಹೇಗೆ ಬರೆದಿಡುತ್ತೀರಿ?

ಏಳು ವರ್ಷದವನ ಅಮ್ಮ

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಇಲ್ಲಿ ಓದುತ್ತಿದ್ದೇನೆ, ಬರೆಯುವುದು ಇದೇ ಮೊದಲು.

ನನ್ನ ಮಗನಿಗೆ ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಬಾರದ ಸ್ಥಿತಿ) ಇದೆ, ಜೊತೆಗೆ ಫಿಟ್ಸ್. ಮಾತು ಬರುವುದಿಲ್ಲ. ಫಿಟ್ಸ್‌ಗೆ ಮೂರು ಔಷಧಿ: ವಾಲ್ಪ್ರೊಯೇಟ್, ಲೆವೆಟಿರಾಸಿಟಮ್, ಕ್ಲೋಬಜಾಮ್. ಕೈಕಾಲು ಬಿಗಿಯುವುದಕ್ಕೆ ಬ್ಯಾಕ್ಲೋಫೆನ್. ಜೊಲ್ಲಿಗೆ ಗ್ಲೈಕೋಪೈರೋಲೇಟ್. ಎದೆಯುರಿಗೆ ಒಮೆಪ್ರಜೋಲ್. ಮಲಬದ್ಧತೆಗೆ ಒಂದು ಪುಡಿ. ಕೊನೆಗೆ ವಿಟಮಿನ್ ಡಿ. ಒಟ್ಟು ಎಂಟು.

ಮೂರು ವಾರದಿಂದ ರಾತ್ರಿ ಎರಡರ ಹೊತ್ತಿಗೆ ಎದ್ದು ಅಳುತ್ತಾನೆ. ಬೆನ್ನು ಬಿಲ್ಲಿನ ಹಾಗೆ ಬಗ್ಗಿಸುತ್ತಾನೆ. ಎತ್ತಿಕೊಂಡರೂ ಸಮಾಧಾನ ಆಗುವುದಿಲ್ಲ. ನರರೋಗದ ಡಾಕ್ಟರು ಹೊಟ್ಟೆಯದ್ದಿರಬಹುದು ಎನ್ನುತ್ತಾರೆ. ಹೊಟ್ಟೆಯ ಡಾಕ್ಟರು ಫಿಟ್ಸ್ ಔಷಧಿಯದ್ದಿರಬಹುದು ಎನ್ನುತ್ತಾರೆ. ಇಬ್ಬರೂ ಒಳ್ಳೆಯವರೇ, ಆದರೆ ಅವರ ಹತ್ತಿರ ನಮಗೆ ಸಿಗುವುದು ಹತ್ತು ನಿಮಿಷ. "ಹೇಗಿದ್ದಾನೆ?" ಎಂದು ಕೇಳಿದ ತಕ್ಷಣ ನನ್ನ ಬಾಯಿಂದ "ಪರವಾಗಿಲ್ಲ" ಎಂದು ಬಂದುಬಿಡುತ್ತದೆ. ಹೇಳಬೇಕಾಗಿದ್ದೆಲ್ಲ ನೆನಪಾಗುವುದು ವಾಪಸ್ ಬರುವ ದಾರಿಯಲ್ಲಿ.

ಒಂದು ನೋಟ್‌ಬುಕ್ ಶುರು ಮಾಡಿದೆ. ನಿದ್ದೆ, ಊಟ, ಅಳು, ಫಿಟ್ಸ್, ಮೂತ್ರ, ಮೋಶನ್, ಮೈಬಿಸಿ, ಎಲ್ಲವನ್ನೂ ಬರೆದೆ. ಹದಿನಾಲ್ಕು ದಿನ ನಡೆಯಿತು. ಆಮೇಲೆ ನಿಂತುಹೋಯಿತು. ತಿರುಗಿ ನೋಡಿದರೆ ನನಗೇ ಏನೂ ಅರ್ಥ ಆಗುತ್ತಿಲ್ಲ. ನೀವೆಲ್ಲ ಏನು ಬರೆಯುತ್ತೀರಿ? ಏನನ್ನು ಬಿಡುತ್ತೀರಿ?


ಲೆಕ್ಕದ ಅಪ್ಪ

ಹದಿನಾಲ್ಕು ದಿನ ಬರೆದಿದ್ದೀರಲ್ಲ, ಆ ನೋಟ್‌ಬುಕ್ ಎಸೆಯಬೇಡಿ. ಮುಂದೆ ಬೇಕಾಗುತ್ತದೆ.

ನಾನು ಮಗಳಿಗೆ ಆರು ವರ್ಷದಿಂದ ಮೊಬೈಲಿನಲ್ಲೇ ಪಟ್ಟಿ ಇಟ್ಟಿದ್ದೇನೆ. ಒಂದು ಕಾಲಕ್ಕೆ ಹದಿನಾರು ಕಾಲಮ್ ಇತ್ತು, ಈಗ ಏಳು. ಅದರಲ್ಲಿ ನಾನು ಯಾವತ್ತೂ ತೆಗೆಯದ ಕಾಲಮ್ ಒಂದೇ: "ಇವತ್ತು ಹೊಸದೇನು ಬಾಯಿಗೆ ಹೋಯಿತು". ಎರಡು ದಿನದ ಕೆಮ್ಮಿನ ಸಿರಪ್ ಆದರೂ ಸರಿ, ಐದು ದಿನದ ಆ್ಯಂಟಿಬಯೋಟಿಕ್ ಆದರೂ ಸರಿ.

ಕಾರಣ ಹೇಳುತ್ತೇನೆ. ಅವಳು ಫಿಟ್ಸ್‌ಗೆ ಕಾರ್ಬಮಜೆಪಿನ್ ಮೇಲೆ ಇದ್ದಳು, ಚೆನ್ನಾಗಿಯೇ ಇದ್ದಳು. ಗಂಟಲು ನೋವಿಗೆ ಬೇರೆ ಡಾಕ್ಟರ ಹತ್ತಿರ ಹೋದೆವು, ಕ್ಲಾರಿಥ್ರೋಮೈಸಿನ್ ಕೊಟ್ಟರು. ಮೂರನೇ ದಿನ ನಡೆಯುವಾಗ ತೂರಾಡಿದಳು. ವಾಂತಿ. "ಅಪ್ಪ, ಇಬ್ಬರು ಇದ್ದೀರಿ" ಎಂದಳು. ನಾವು ಗಂಟಲಿನ ಜ್ವರದ ಸುಸ್ತು ಎಂದುಕೊಂಡಿದ್ದೆವು. ಪಟ್ಟಿ ತೆರೆದಾಗ ಕಣ್ಣಿಗೆ ಬಿದ್ದಿದ್ದು ಆ ಒಂದೇ ಹೊಸ ಸಾಲು. ರಕ್ತ ಪರೀಕ್ಷೆ ಮಾಡಿಸಿದರು, ಕಾರ್ಬಮಜೆಪಿನ್ ಮಟ್ಟ ವಿಪರೀತ ಏರಿತ್ತು. ಆ ಆ್ಯಂಟಿಬಯೋಟಿಕ್ ಲಿವರ್‌ನಲ್ಲಿ ಕಾರ್ಬಮಜೆಪಿನ್ ಕರಗುವ ದಾರಿಯನ್ನೇ ತಡೆಯುತ್ತದಂತೆ. ಡೋಸ್ ನಾವು ಒಂದು ಹನಿಯೂ ಹೆಚ್ಚಿಸಿರಲಿಲ್ಲ. ಆದರೂ ಮೈಯಲ್ಲಿ ಹೆಚ್ಚಾಗಿಬಿಟ್ಟಿತ್ತು.


ಮೌನಿಯ ಅಮ್ಮ

ಅಕ್ಕ, ನನ್ನ ಮಗಳಿಗೂ ಮಾತಿಲ್ಲ. ಹನ್ನೊಂದು ವರ್ಷ ಅವಳಿಗೆ. ನೀವು ಮೊದಲು ಅಳುವಿನ ಬಗ್ಗೆ ಬರೆಯಬೇಡಿ. ಅವನ ಒಳ್ಳೆಯ ದಿನ ಹೇಗಿರುತ್ತದೆ ಎಂದು ಒಂದು ಪುಟ ಬರೆಯಿರಿ. ಎಷ್ಟು ಹೊತ್ತಿಗೆ ಏಳುತ್ತಾನೆ, ನಿಮ್ಮ ದನಿ ಕೇಳಿದರೆ ಏನು ಮಾಡುತ್ತಾನೆ, ಕಾಲು ಎಷ್ಟು ಸಡಿಲ ಇರುತ್ತದೆ, ಎಷ್ಟು ಸಲ ಟವೆಲ್ ಬದಲಾಯಿಸುತ್ತೀರಿ. ನಮಗೆ ಅದು ಎಷ್ಟು ಗೊತ್ತಿರುತ್ತದೆ ಎಂದರೆ ಬರೆಯಬೇಕು ಅಂತಲೇ ಅನಿಸುವುದಿಲ್ಲ. ಆದರೆ ಹೊಸ ಡಾಕ್ಟರಿಗೆ, ರಾತ್ರಿ ಪಾಳಿಯ ನರ್ಸಿಗೆ ಅದೇ ಗೊತ್ತಿರುವುದಿಲ್ಲ. "ಇವನು ಯಾವಾಗಲೂ ಹೀಗೇನಾ?" ಎಂದು ಕೇಳುತ್ತಾರಲ್ಲ, ಆ ಪುಟವೇ ಅದಕ್ಕೆ ಉತ್ತರ.

ಎರಡನೆಯದು, ಕಂಡದ್ದನ್ನು ಬರೆಯಿರಿ, ಅಂದುಕೊಂಡಿದ್ದನ್ನಲ್ಲ. "ನೋವು ಇತ್ತು" ಎಂದು ಬರೆದರೆ ಅದು ನಮ್ಮ ಊಹೆ. "ಮಂಡಿ ಹೊಟ್ಟೆಗೆ ಎಳೆದುಕೊಂಡ, ಹುಬ್ಬು ಗಂಟಿಕ್ಕಿದ, ನಲವತ್ತು ನಿಮಿಷ" ಎಂದು ಬರೆದರೆ ಡಾಕ್ಟರು ಬೇರೆ ಅರ್ಥವನ್ನೂ ಮಾಡಬಹುದು. ಮಾತಾಡಲಾಗದ ಮಕ್ಕಳ ನೋವು ಅಳೆಯಲು ಆಸ್ಪತ್ರೆಗಳಲ್ಲಿ ಫ್ಲ್ಯಾಕ್ ಎಂಬ ಅಳತೆ ಬಳಸುತ್ತಾರೆ. 1997ರಲ್ಲಿ ಬಂದದ್ದು, ನಮ್ಮಂಥ ಮಕ್ಕಳಿಗೆಂದು 2006ರಲ್ಲಿ ತಿದ್ದಿದರು. ಮುಖ, ಕಾಲು, ಚಲನೆ, ಅಳು, ಸಮಾಧಾನ ಆಗುತ್ತದಾ ಇಲ್ಲವಾ, ಈ ಐದಕ್ಕೆ ತಲಾ 0ಯಿಂದ 2. ಒಟ್ಟು ಹತ್ತಕ್ಕೆ ಎಷ್ಟು ಎಂದು ಬರುತ್ತದೆ. ತಿದ್ದಿದ ಅಳತೆಯಲ್ಲಿ ನಮ್ಮ ಮಗುವಿನದೇ ಗುರುತುಗಳನ್ನು ಸೇರಿಸಬಹುದು. ನನ್ನವಳು ನೋವಾದರೆ ಅಳುವುದಿಲ್ಲ, ಸುಮ್ನೆ ಆಗಿಬಿಡುತ್ತಾಳೆ, ಎಡಗಿವಿ ಎಳೆದುಕೊಳ್ಳುತ್ತಾಳೆ. ಅದನ್ನು ನಾನು ಸೇರಿಸಿಕೊಂಡಿದ್ದೇನೆ.

ಒಂದು ನಿಮಿಷದ ವಿಡಿಯೋ ತೆಗೆದಿಡಿ. ನಾನು ಅರ್ಧ ಗಂಟೆ ವಿವರಿಸಿದ್ದು ಡಾಕ್ಟರಿಗೆ ಇಪ್ಪತ್ತು ಸೆಕೆಂಡಿನಲ್ಲಿ ಗೊತ್ತಾಗಿದೆ.


ಏಳು ವರ್ಷದವನ ಅಮ್ಮ

ಒಳ್ಳೆಯ ದಿನದ ಪುಟ... ಓದಿ ಕಣ್ಣು ತುಂಬಿತು. ಅವನ ಒಳ್ಳೆಯ ದಿನ ಹೇಗಿತ್ತು ಎಂದು ಯೋಚಿಸದೆ ಎಷ್ಟೋ ದಿನವಾಯಿತು. ಇವತ್ತು ರಾತ್ರಿ ಬರೆಯುತ್ತೇನೆ.


ಮಕ್ಕಳ ವಾರ್ಡ್ ಫಾರ್ಮಸಿಸ್ಟ್

ಮೇಡಂ, ನಾನು ಮಕ್ಕಳ ವಾರ್ಡಿನಲ್ಲಿ ಔಷಧಿ ನೋಡಿಕೊಳ್ಳುವವನು. ಮಗುವನ್ನು ನೋಡದೆ ಇದೇ ಕಾರಣ ಎಂದು ನಾನು ಹೇಳುವಂತಿಲ್ಲ, ಹೇಳುವುದೂ ಇಲ್ಲ. ಆದರೆ ನಿಮ್ಮ ಪಟ್ಟಿ ಓದಿದಾಗ ಒಂದು ಪ್ರಶ್ನೆ ಬಂತು. ಈ ಎಂಟರಲ್ಲಿ ಯಾವುದು ಯಾವಾಗ ಶುರುವಾಯಿತು? ಯಾವುದರ ಡೋಸ್ ಕೊನೆಯದಾಗಿ ಯಾವಾಗ ಬದಲಾಯಿತು?

ಯಾಕೆ ಕೇಳುತ್ತೇನೆ ಎಂದರೆ, ಒಂದು ಔಷಧಿಯಿಂದ ಒಂದು ತೊಂದರೆ ಬರುತ್ತದೆ. ಅದನ್ನು ಹೊಸ ಕಾಯಿಲೆ ಎಂದುಕೊಂಡು ಇನ್ನೊಂದು ಔಷಧಿ ಸೇರುತ್ತದೆ. ಅದರಿಂದ ಮತ್ತೊಂದು. ವಯಸ್ಸಾದವರ ಚಿಕಿತ್ಸೆಯಲ್ಲಿ 1990ರ ದಶಕದಿಂದಲೇ ಈ ಸರಪಳಿಯ ಬಗ್ಗೆ ಎಚ್ಚರಿಸುತ್ತಿದ್ದಾರೆ. ಮಕ್ಕಳಲ್ಲೂ ಆಗುತ್ತದೆ. ಕ್ಲೋಬಜಾಮ್ ಕೆಲವು ಮಕ್ಕಳಲ್ಲಿ ಜೊಲ್ಲು ಹೆಚ್ಚಿಸುತ್ತದೆ. ಜೊಲ್ಲಿಗೆ ಕೊಡುವ ಗ್ಲೈಕೋಪೈರೋಲೇಟ್ ಕರುಳನ್ನು ನಿಧಾನ ಮಾಡುತ್ತದೆ, ಮೂತ್ರ ಕಟ್ಟಬಹುದು, ಬೆವರು ಕಡಿಮೆ ಮಾಡುತ್ತದೆ. ಬ್ಯಾಕ್ಲೋಫೆನ್ ಕೂಡ ಮಲಬದ್ಧತೆ ತರಬಹುದು. ಹೊಟ್ಟೆ ಕಟ್ಟಿದ ಮಗು ರಾತ್ರಿ ಅಳುತ್ತದೆ. ಆ ಕಿರಿಕಿರಿಗೆ ಲೆವೆಟಿರಾಸಿಟಮ್ ಹೆಸರು ಬೀಳುತ್ತದೆ, ಯಾಕೆಂದರೆ ಅದು ನಿಜಕ್ಕೂ ಕೆಲವು ಮಕ್ಕಳಲ್ಲಿ ಕೋಪ, ಕಿರಿಕಿರಿ ತರುವ ಔಷಧಿಯೇ. ನಿಮ್ಮ ಮನೆಯಲ್ಲಿ ಹೀಗೇ ಆಗಿದೆ ಎನ್ನುತ್ತಿಲ್ಲ. ಆಗಿದೆಯಾ ಇಲ್ಲವಾ ಎಂದು ತಾರೀಖುಗಳೇ ಹೇಳುತ್ತವೆ.

ಒಂದು ಉದ್ದ ಕಾಗದ ತೆಗೆದುಕೊಂಡು ಅಡ್ಡಗೆರೆ ಎಳೆಯಿರಿ. ಗೆರೆಯ ಮೇಲೆ ಔಷಧಿ ಶುರುವಾದ, ಬದಲಾದ ದಿನಗಳು. ಗೆರೆಯ ಕೆಳಗೆ ತೊಂದರೆ ಕಂಡ ದಿನಗಳು. ಹಳೆಯ ಚೀಟಿಗಳು, ಮೊಬೈಲಿನ ಫೋಟೋಗಳ ತಾರೀಖು, ಎಲ್ಲವೂ ಸಹಾಯಕ್ಕೆ ಬರುತ್ತವೆ.

ಹಾಗೇ ಒಂದು ಮಾತು. ಔಷಧಿ ಬದಲಾದ ಮಾರನೇ ದಿನವೇ ತೀರ್ಪು ಕೊಡಬೇಡಿ. ಒಂದು ಔಷಧಿ ಮೈಯಲ್ಲಿ ಅರ್ಧಕ್ಕೆ ಇಳಿಯಲು ಎಷ್ಟು ಹೊತ್ತು ಬೇಕೋ, ಅದರ ಐದರಷ್ಟು ಹೊತ್ತಾದ ಮೇಲೆ ಅದು ಒಂದು ಮಟ್ಟಕ್ಕೆ ನಿಲ್ಲುತ್ತದೆ. ಲೆವೆಟಿರಾಸಿಟಮ್ ಒಂದೆರಡು ದಿನದಲ್ಲಿ ನಿಲ್ಲುತ್ತದೆ. ಕ್ಲೋಬಜಾಮ್ ಹಾಗಲ್ಲ. ದೇಹದೊಳಗೆ ಅದು ಬದಲಾಗಿ ಆಗುವ ಇನ್ನೊಂದು ರೂಪ ಅರ್ಧಕ್ಕೆ ಇಳಿಯಲು ಸುಮಾರು 3 ದಿನ ಬೇಕು, ಹಾಗಾಗಿ ಪೂರ್ತಿ ಪರಿಣಾಮ ಕಾಣಲು ಎರಡು ವಾರವಾದರೂ ಹಿಡಿಯುತ್ತದೆ. ಫಿನೋಬಾರ್ಬಿಟಾಲ್ ಎಂಬ ಫಿಟ್ಸ್ ಔಷಧಿ ಕೂಡ ಅಂಥದ್ದೇ. ಎರಡು ವಾರದ ಹಿಂದಿನ ಬದಲಾವಣೆಯನ್ನು ನಾವು ಮರೆತಿರುತ್ತೇವೆ, ಮೈ ಮರೆತಿರುವುದಿಲ್ಲ.

ದಯವಿಟ್ಟು ಯಾರೂ ಇದನ್ನು ಓದಿ ನೀವೇ ನಿಲ್ಲಿಸಬೇಡಿ. ಕ್ಲೋಬಜಾಮ್, ಬ್ಯಾಕ್ಲೋಫೆನ್, ಯಾವುದೇ ಫಿಟ್ಸ್ ಔಷಧಿ, ದಿನಗಟ್ಟಲೆ ಕೊಟ್ಟ ಸ್ಟೀರಾಯ್ಡ್, ಇವನ್ನು ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಅಪಾಯ.


ಹೊಸದಾಗಿ ಬಂದವಳು

ಸರ್, ಮಧ್ಯೆ ಬಂದು ಕೇಳುತ್ತಿದ್ದೇನೆ, ಕ್ಷಮಿಸಿ. ನನ್ನ ಮಗಳು ವಾಲ್ಪ್ರೊಯೇಟ್ ಮೇಲೆ ಇದ್ದಾಳೆ. ಮೂರು ವಾರದ ಹಿಂದೆ ಲ್ಯಾಮೋಟ್ರಿಜಿನ್ ಎಂಬ ಇನ್ನೊಂದು ಫಿಟ್ಸ್ ಔಷಧಿ ಸೇರಿಸಿದರು. ನಿನ್ನೆಯಿಂದ ಎದೆಯ ಮೇಲೆ ಕೆಂಪು ದದ್ದು. ಬರೆದಿಟ್ಟಿದ್ದೇನೆ. ಮುಂದಿನ ವಾರ ತೋರಿಸುವುದಿದೆ, ಅಲ್ಲಿಯವರೆಗೆ ನೋಡಲಾ?


ಮಕ್ಕಳ ವಾರ್ಡ್ ಫಾರ್ಮಸಿಸ್ಟ್

ಇಲ್ಲ, ಕಾಯಬೇಡಿ. ಈಗಲೇ ನಿಮ್ಮ ಡಾಕ್ಟರಿಗೆ ಫೋನ್ ಮಾಡಿ, ಮುಂದಿನ ಡೋಸ್ ಕೊಡುವ ಮುಂಚೆ ಕೇಳಿ. ಜ್ವರ, ಬಾಯಲ್ಲಿ ಹುಣ್ಣು, ಕಣ್ಣು ಕೆಂಪು, ಮುಖ ಊದುವುದು, ಚರ್ಮ ಗುಳ್ಳೆ ಏಳುವುದು, ಇದರಲ್ಲಿ ಒಂದು ಇದ್ದರೂ ನೇರ ತುರ್ತು ವಿಭಾಗಕ್ಕೆ ಹೋಗಿ. ವಾಲ್ಪ್ರೊಯೇಟ್ ಜೊತೆಗಿದ್ದರೆ ಲ್ಯಾಮೋಟ್ರಿಜಿನ್ ಮೈಯಲ್ಲಿ ಉಳಿಯುವ ಹೊತ್ತು ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಅಪಾಯದ ದದ್ದು ಹೆಚ್ಚಾಗಿ ಬರುವುದು ಮೊದಲ 2ರಿಂದ 8 ವಾರದೊಳಗೆ. ನೀವು ಇರುವುದು ಆ ಅವಧಿಯಲ್ಲೇ.


ಹೊಸದಾಗಿ ಬಂದವಳು

ತೋರಿಸಿಕೊಂಡು ಬಂದೆವು. ಬಾಯಿ, ಕಣ್ಣು ಸರಿ ಇದೆ ಎಂದರು. ಲ್ಯಾಮೋಟ್ರಿಜಿನ್ ನಿಲ್ಲಿಸಿದ್ದಾರೆ, ನಾಳೆ ಮತ್ತೆ ಬರಲು ಹೇಳಿದ್ದಾರೆ. ಕೇಳದೆ ಇದ್ದಿದ್ದರೆ ಇವತ್ತು ರಾತ್ರಿಯೂ ಕೊಡುತ್ತಿದ್ದೆ. ತುಂಬಾ ಧನ್ಯವಾದ ಸರ್.


ಮೊಮ್ಮಗನ ಅಜ್ಜಿ

ಇದನ್ನು ಓದಿ ಹೇಳಬೇಕು ಅನಿಸಿತು. ಕೆಲವಕ್ಕೆ ಪುಸ್ತಕ ತೆರೆದು ಕೂರುವ ಹೊತ್ತೇ ಇರುವುದಿಲ್ಲ. ಮಗು ಎಬ್ಬಿಸಿದರೂ ಏಳದಿದ್ದರೆ, ಉಸಿರು ಎಳೆದರೆ, ಕಣ್ಣು ಹಳದಿಯಾದರೆ ಮೊದಲು ಓಡಬೇಕು, ಆಮೇಲೆ ಬರೆಯಬೇಕು.

ನಮ್ಮ ಮನೆಯಲ್ಲಿ ಹಗಲು ಮೊಮ್ಮಗನನ್ನು ನೋಡಿಕೊಳ್ಳುವವಳು ನಾನು, ರಾತ್ರಿ ಮಗಳು. ಹೋದ ವರ್ಷ ಒಂದು ಸಂಜೆ ಅವನು ತೂಕಡಿಸಿ ತೂಕಡಿಸಿ ಕುತ್ತಿಗೆ ನಿಲ್ಲುತ್ತಿರಲಿಲ್ಲ. ಹೊಸ ತೊಂದರೆ ಎಂದು ಎಲ್ಲರೂ ಹೆದರಿದೆವು. ನೋಡಿದರೆ, ಆರು ಗಂಟೆಯ ಔಷಧಿ ನಾನೂ ಕೊಟ್ಟಿದ್ದೆ, ಅವಳೂ ಕೊಟ್ಟಿದ್ದಳು. ಒಂದು ರಾತ್ರಿ ಆಸ್ಪತ್ರೆಯಲ್ಲಿದ್ದೆವು. ಮಗು ಹುಷಾರಾದ, ನನ್ನ ಎದೆ ಇನ್ನೂ ಹುಷಾರಾಗಿಲ್ಲ.

ಈಗ ಔಷಧಿ ಇಡುವ ಕಪಾಟಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿದ್ದೇವೆ. ಕೊಟ್ಟವರು ಕೊಟ್ಟ ಗಳಿಗೆಯಲ್ಲೇ ಟಿಕ್ ಹಾಕಿ ಹೊತ್ತು ಬರೆಯಬೇಕು. ಆಮೇಲೆ ಬರೆಯುತ್ತೇನೆ ಎನ್ನುವಂತಿಲ್ಲ. ಚಮಚ ಬಿಟ್ಟೆವು, ಬಾಯಿಗೆ ಹಾಕುವ ಸಿರಿಂಜ್ ಮಾತ್ರ. ಬಾಟಲಿ ಬದಲಾದರೆ ಇಬ್ಬರೂ ಲೇಬಲ್ ಓದುತ್ತೇವೆ. ಒಂದೇ ಹೆಸರಿನ ಸಿರಪ್ 5 ಮಿ.ಲೀ.ಗೆ 120 ಮಿಲಿಗ್ರಾಂ ಇರುವುದೂ ಉಂಟು, 250 ಇರುವುದೂ ಉಂಟು. ಮಿ.ಲೀ. ಅಷ್ಟೇ ಬರೆದುಕೊಂಡರೆ ಮೋಸ ಹೋಗುತ್ತೇವೆ, ಮಿಲಿಗ್ರಾಂ ಕೂಡ ಬರೆಯಬೇಕು. ಕಲಕದೆ ಕೊಟ್ಟರೆ ಮೇಲಿನದು ತೆಳ್ಳಗೆ, ತಳದ್ದು ಗಟ್ಟಿ. ಬಾಟಲಿ ಮುಗಿಯುವ ದಿನಗಳಲ್ಲೇ ಮಗು ಮಂಕಾದರೆ ಅದನ್ನೂ ಯೋಚಿಸಿ.


ಬರೆಯುವುದು ಬಿಟ್ಟವಳು

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಯಾರೂ ಬೇಜಾರು ಮಾಡಿಕೊಳ್ಳಬೇಡಿ.

ಎರಡು ವರ್ಷ ದಿನಾ ಬರೆದೆ. ಕೊನೆಗೆ ಮಗ ನಕ್ಕರೆ ಸಾಕು, ಈ ನಗು ಸಹಜವಾ, ಔಷಧಿಯ ಮತ್ತಾ ಎಂದು ನೋಡುವ ಹಾಗಾದೆ. ಅವನು ಒಂದು ದಿನ "ಅಮ್ಮ, ಸುಮ್ನೆ ಕೂತ್ಕೋ" ಎಂದ. ಪೆನ್ನು ಕೆಳಗಿಟ್ಟೆ. ಎಲ್ಲವೂ ಅಡ್ಡಪರಿಣಾಮದ ಹಾಗೆ ಕಾಣುತ್ತಿತ್ತು. ಮಕ್ಕಳು ಔಷಧಿ ಇಲ್ಲದೆಯೂ ಹಟ ಮಾಡುತ್ತಾರೆ, ನಿದ್ದೆಗೆಡುತ್ತಾರೆ, ಅಲ್ವಾ?

ಈಗ ಎರಡೇ ಸಂದರ್ಭದಲ್ಲಿ ಬರೆಯುತ್ತೇನೆ. ಔಷಧಿ ಬದಲಾಗುವ ಮುಂಚೆ ಒಂದು ವಾರ, ಬದಲಾದ ಮೇಲೆ ಮೂರು ವಾರ. ಅದೂ ಮೂರೇ ವಿಷಯ, ಡಾಕ್ಟರ ಜೊತೆ ಕೂತು ಆರಿಸಿದ್ದು. ಉಳಿದ ದಿನ ನಾನು ಬರೀ ಅಮ್ಮ.


ಲೆಕ್ಕದ ಅಪ್ಪ

ಮೇಡಂ, ಬೇಜಾರಿಲ್ಲ. ನೀವು ಹೇಳಿದ ಆಯಾಸ ನನಗೂ ಗೊತ್ತು. ಆದರೆ ನಿಧಾನವಾಗಿ ಬರುವ ತೊಂದರೆ ಆ ಮೂರು ವಾರದಲ್ಲಿ ಸಿಗುವುದಿಲ್ಲ. ನನ್ನ ಮಗಳಿಗೆ ಆಮೇಲೆ ಫಿಟ್ಸ್‌ಗೆ ಟೋಪಿರಮೇಟ್ ಕೊಟ್ಟರು. ಐದು ತಿಂಗಳಲ್ಲಿ ಎರಡು ಕೆ.ಜಿ. ಇಳಿದಳು. ಒಂದೊಂದು ವಾರ ನೋಡಿದರೆ ಏನೂ ಕಾಣುವುದಿಲ್ಲ. ಬೆವರು ಕಡಿಮೆಯಾಗಿ ಬಿಸಿಲಿನಲ್ಲಿ ಮೈ ಕಾಯುವುದೂ ಅದರಿಂದಲೇ ಎಂದು ಒಂದು ಬೇಸಿಗೆ ಪೂರ್ತಿ ಗೊತ್ತಾಗಲಿಲ್ಲ, ಜ್ವರ ಎಂದುಕೊಂಡು ಪ್ಯಾರಾಸಿಟಮಾಲ್ ಕೊಟ್ಟೆವು.


ಬರೆಯುವುದು ಬಿಟ್ಟವಳು

ತೂಕದ ಮಾತು ಒಪ್ಪುತ್ತೇನೆ ಸರ್. ಅದನ್ನು ತಿಂಗಳಿಗೊಮ್ಮೆ ನೋಡಬಹುದು, ಎತ್ತರ ಕೂಡ. ನಾಳೆಯಿಂದ ಶುರು ಮಾಡುತ್ತೇನೆ. ಆದರೆ ದಿನಾ ಬರೆಯುವುದು ನನ್ನಿಂದ ಆಗುವುದಿಲ್ಲ.


ಆ ಮಗು ನಾನೇ

ಇಲ್ಲಿ ಎಲ್ಲರೂ ಅಪ್ಪ ಅಮ್ಮಂದಿರು. ನಾನು ಇನ್ನೊಂದು ಕಡೆಯವಳು. ನನಗೆ ಈಗ 24 ವರ್ಷ. ಐದನೇ ವರ್ಷದಿಂದ ಫಿಟ್ಸ್ ಔಷಧಿ, ಜೊತೆಗೆ ಅಸ್ತಮಾದ್ದು.

ಅಮ್ಮ ಎಲ್ಲವನ್ನೂ ಬರೆಯುತ್ತಿದ್ದರು. ಡಾಕ್ಟರ ಮುಂದೆ ನನ್ನ ತಲೆಯ ಮೇಲಿಂದಲೇ ಮಾತು ನಡೆಯುತ್ತಿತ್ತು. "ಇವಳಿಗೆ ಕೋಪ ಜಾಸ್ತಿಯಾಗಿದೆ." ನನಗೆ ಆ ಕೋಪ ಯಾವಾಗ ಬರುತ್ತದೆ ಎಂದು ಗೊತ್ತಿತ್ತು. ಬೆಳಗಿನ ಔಷಧಿ ತೆಗೆದುಕೊಂಡು ಒಂದು ಗಂಟೆಗೆ ಬರುತ್ತಿತ್ತು, ಮಧ್ಯಾಹ್ನಕ್ಕೆ ಹೋಗುತ್ತಿತ್ತು. ಅದು ನಾನಲ್ಲ ಎಂದೂ ಗೊತ್ತಿತ್ತು. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಕೆಲವು ದಿನ ಬೋರ್ಡಿನ ಮೇಲೆ ಅಕ್ಷರ ಎರಡೆರಡು ಕಾಣುತ್ತಿತ್ತು. ಎಲ್ಲರಿಗೂ ಹಾಗೇ ಕಾಣುತ್ತದೆ ಎಂದುಕೊಂಡಿದ್ದೆ. ಅಸ್ತಮಾಕ್ಕೆ ಮಾಂಟೆಲುಕಾಸ್ಟ್ ಕೊಡುತ್ತಿದ್ದ ಕಾಲದಲ್ಲಿ ಭಯಂಕರ ಕನಸು ಬೀಳುತ್ತಿದ್ದವು. ಕನಸಿಗೂ ಮಾತ್ರೆಗೂ ಸಂಬಂಧ ಇರಬಹುದು ಎಂದು ಮಗುವಿಗೆ ಹೇಗೆ ತೋಚಬೇಕು? ಆ ಔಷಧಿಯ ಮಾನಸಿಕ ಪರಿಣಾಮಗಳ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರ ಮಾರ್ಚ್‌ನಲ್ಲಿ ತನ್ನ ಅತಿ ಕಟುವಾದ ಎಚ್ಚರಿಕೆ ಹಾಕಿಸಿದಾಗ ಅಮ್ಮ ಓದಿ ಅತ್ತರು.

ಒಂಬತ್ತನೇ ವರ್ಷದಲ್ಲಿ ಅಮ್ಮ ಪುಸ್ತಕದಲ್ಲಿ ನನಗೊಂದು ಕಾಲಮ್ ಕೊಟ್ಟರು. ಅದರಲ್ಲಿ ನಾನು ಮುಖ ಬರೆಯುತ್ತಿದ್ದೆ, ಆಮೇಲೆ ಪದ ಬರೆಯತೊಡಗಿದೆ. "ತಲೆಯೊಳಗೆ ಹತ್ತಿ ತುಂಬಿದೆ" ಎಂದು ಬರೆದದ್ದನ್ನು ಡಾಕ್ಟರು ಓದಿ ಸಂಜೆಯ ಡೋಸ್ ಕಡಿಮೆ ಮಾಡಿದರು. ನನ್ನ ಮಾತಿಗೆ ಒಬ್ಬರು ಔಷಧಿ ಬದಲಿಸಿದ್ದು ಅದೇ ಮೊದಲು.

ಮಾತು ಬರುವ ಮಕ್ಕಳಿಗೆ "ಹೇಗಿದೆ?" ಎಂದು ಕೇಳಬೇಡಿ. "ಅಕ್ಷರ ಎರಡು ಕಾಣುತ್ತಾ? ಬಾಯಿ ಒಣಗುತ್ತಾ? ಹೇಳಬೇಕೆಂದ ಪದ ಬಾಯಿಗೆ ಬರುತ್ತಿಲ್ವಾ?" ಎಂದು ಕೇಳಿ. ಮಾತು ಬಾರದ ಮಕ್ಕಳ ಮುಂದೆಯೂ ಅವರ ಬಗ್ಗೆ ಮಾತಾಡುವಾಗ ಅವರ ಮುಖ ನೋಡಿಕೊಂಡೇ ಮಾತಾಡಿ.


ಮೌನಿಯ ಅಮ್ಮ

ನಿಮ್ಮ ಕೊನೆಯ ಸಾಲನ್ನು ಮಗಳ ಪಕ್ಕ ಕೂತು ಗಟ್ಟಿಯಾಗಿ ಓದಿದೆ, ತಂಗಿ.


ಏಳು ವರ್ಷದವನ ಅಮ್ಮ

ನಾಲ್ಕು ವಾರದ ನಂತರ ಬರೆಯುತ್ತಿದ್ದೇನೆ. ಎಲ್ಲರಿಗೂ ಹೇಳಲೇಬೇಕು.

ಗೆರೆ ಎಳೆದೆ. ಹಳೆಯ ಚೀಟಿ ಹುಡುಕಲು ಎರಡು ರಾತ್ರಿ ಹಿಡಿಯಿತು. ಕ್ಲೋಬಜಾಮ್ ಹೆಚ್ಚಿಸಿದ್ದು ನಾಲ್ಕು ತಿಂಗಳ ಹಿಂದೆ. ಅದಾಗಿ ಹದಿನೇಳನೇ ದಿನದ ಒಂದು ಫೋಟೋದಲ್ಲಿ ಅವನ ಅಂಗಿಯ ಎದೆ ಪೂರ್ತಿ ಒದ್ದೆ. ಜೊಲ್ಲು ಅವನ ಕಾಯಿಲೆಯದ್ದೇ ಎಂದುಕೊಂಡಿದ್ದೆ, ಒಳ್ಳೆಯ ದಿನದ ಪುಟ ಬರೆಯುವಾಗಲೇ ಗೊತ್ತಾಗಿದ್ದು ಮೊದಲು ಇಷ್ಟಿರಲಿಲ್ಲ ಎಂದು. ಆಮೇಲೆ ಗ್ಲೈಕೋಪೈರೋಲೇಟ್ ಬಂತು. ಅದರ ಡೋಸ್ ಏರಿಸಿ ಒಂದು ವಾರಕ್ಕೆ ರಾತ್ರಿಯ ಅಳು ಶುರು.

ಹದಿನಾಲ್ಕು ದಿನದ ಆ ನೋಟ್‌ಬುಕ್ ತೆರೆದೆ. ಅಳು ಮತ್ತು ಮೋಶನ್, ಈ ಎರಡನ್ನು ಮಾತ್ರ ಬೇರೆ ಕಾಗದಕ್ಕೆ ಇಳಿಸಿದೆ. ಒಂಬತ್ತು ರಾತ್ರಿ ಅತ್ತಿದ್ದ. ಅದರಲ್ಲಿ ಏಳು ರಾತ್ರಿ, ಮೋಶನ್ ಆಗದೆ ಎರಡು ದಿನ ದಾಟಿತ್ತು. ಬ್ರಿಸ್ಟಲ್ ಚಾರ್ಟ್ ಎಂದು ಮಲದ ಏಳು ಬಗೆಯ ಚಿತ್ರ ಇದೆಯಲ್ಲ, ಅದರಲ್ಲಿ ಇವನದು ಯಾವಾಗಲೂ ಒಂದನೇ ಬಗೆ, ಕಲ್ಲಿನುಂಡೆ. ಎರಡೂ ಒಂದೇ ಪುಸ್ತಕದಲ್ಲಿತ್ತು. ನನಗೆ ಕಂಡಿರಲಿಲ್ಲ.

ಒಂದೇ ಹಾಳೆ, ಒಂದು ವಿಡಿಯೋ ತೆಗೆದುಕೊಂಡು ಹೋದೆ. ಡಾಕ್ಟರು ಹೊಟ್ಟೆ ಮುಟ್ಟಿ ನೋಡಿದರು, ಗಟ್ಟಿ ಕಟ್ಟಿತ್ತು. ಮೊದಲು ಹೊಟ್ಟೆ ಪೂರ್ತಿ ಖಾಲಿ ಮಾಡಿಸಿದರು. ಆಮೇಲೆ ಗ್ಲೈಕೋಪೈರೋಲೇಟ್ ಸ್ವಲ್ಪ ಸ್ವಲ್ಪ ಇಳಿಸುತ್ತಿದ್ದಾರೆ. ಉಳಿದದ್ದನ್ನು ಈಗ ಮುಟ್ಟುವುದು ಬೇಡ, ಒಂದೊಂದಾಗಿ ನೋಡೋಣ ಎಂದರು. ಮೊದಲ ವಾರ ನಾಲ್ಕು ರಾತ್ರಿ ಅತ್ತ. ಎರಡನೇ ವಾರ ಎರಡು. ಹೋದ ವಾರ ಒಂದು. ಜೊಲ್ಲು ಹೆಚ್ಚಾಗಿದೆ, ದಿನಕ್ಕೆ ಹತ್ತು ಟವೆಲ್. ಒಗೆದು ಹಾಕುತ್ತೇನೆ, ಅದಕ್ಕೇನಂತೆ.

ಮುಂದಿನ ತಿಂಗಳು ಕ್ಲೋಬಜಾಮ್ ಇಳಿಸಬಹುದಾ ನೋಡೋಣ ಎಂದಿದ್ದಾರೆ. ಸರ್, ಆಗ ಏನನ್ನು ನೋಡಬೇಕು?


ಮಕ್ಕಳ ವಾರ್ಡ್ ಫಾರ್ಮಸಿಸ್ಟ್

ತುಂಬಾ ಸಂತೋಷವಾಯಿತು ಮೇಡಂ. ಇಳಿಸುವ ಮುಂಚೆ, ಈಗಿಂದಲೇ, ಫಿಟ್ಸ್ ದಿನಕ್ಕೆ ಎಷ್ಟು, ಯಾವ ಬಗೆ ಎಂದು ಎಣಿಸಿಡಿ. ಇಳಿಸಿದ ಮೇಲೆ ಹೆಚ್ಚಾಯಿತಾ ಎಂದು ಹೋಲಿಸಲು ಈ ಲೆಕ್ಕ ಬೇಕು. ಆಮೇಲೆ ಪ್ರತಿ ಸಲ ಇಳಿಸಿದಾಗಲೂ ಫಿಟ್ಸ್, ನಿದ್ದೆ, ನಡುಕ, ಬೆವರು, ವಿಪರೀತ ಚಡಪಡಿಕೆ ನೋಡಿ. ಮೊದಲ ಮೂರು ದಿನ ಚೆನ್ನಾಗಿದ್ದ ಎಂದು ನಿಶ್ಚಿಂತೆಯಾಗಬೇಡಿ, ಅದು ಮೈಯಿಂದ ನಿಧಾನವಾಗಿ ಹೋಗುವ ಔಷಧಿ. ಫಿಟ್ಸ್ ಐದು ನಿಮಿಷ ದಾಟಿದರೆ ಏನು ಮಾಡಬೇಕು, ಯಾವ ಔಷಧಿ ಎಷ್ಟು ಕೊಡಬೇಕು ಎಂದು ಡಾಕ್ಟರ ಕೈಯಲ್ಲೇ ಬರೆಸಿಕೊಳ್ಳಿ.


ಏಳು ವರ್ಷದವನ ಅಮ್ಮ

ಬರೆಸಿಕೊಳ್ಳುತ್ತೇನೆ ಸರ್. ಫಿಟ್ಸ್ ಎಣಿಕೆ ಇವತ್ತಿಂದಲೇ. ಬೆಳಿಗ್ಗೆಯಿಂದ ಈವರೆಗೆ ಎರಡು, ಎರಡೂ ಚಿಕ್ಕವು. ಈಗ ಮಲಗಿದ್ದಾನೆ, ಕಾಲು ಸಡಿಲವಾಗಿದೆ.